ದಾರಿ ತಡೆದರೆ ನ್ಯಾಯ ದೊರೆಯುವುದೇ?

ರಸ್ತೆ ತಡೆ ಚಳವಳಿ ನಮಗೆ ಹೊಸದಲ್ಲ. ವಾಹನಗಳು ಸಾಲುಗಟ್ಟಿ ನಿಂತಾಗ ಆಸ್ಪತ್ರೆಗೆ ಹೊರಟವರು, ಪರೀಕ್ಷೆಗೆ ಹೊರಟವರು, ದಿನಗೂಲಿಯನ್ನೇ ನಂಬಿದವರು ಮನಸಾರೆ ಶಪಿಸುತ್ತಾರೆ. "ಇವರ ಬೇಡಿಕೆ ನ್ಯಾಯವಾದುದೇ ಇರಬಹುದು, ಆದರೆ ನಾವು ಮಾಡಿದ ತಪ್ಪೇನು?" ಎಂಬ ಅವರ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಇದೇ ಪ್ರಶ್ನೆ ಅಮೆರಿಕದ ಕಪ್ಪು ವರ್ಣೀಯರ ಹೋರಾಟವನ್ನು ಅರುವತ್ತು ವರ್ಷಗಳಿಂದ ಬೆಂಬತ್ತಿ ಬಂದಿದೆ. 2020ರ ಮೇ 25ರಂದು ಮಿನಿಯಾಪೊಲಿಸ್ ನಗರದಲ್ಲಿ ಪೊಲೀಸ್ ಅಧಿಕಾರಿಯೊಬ್ಬನ ಮೊಣಕಾಲಿನ ಅಡಿಯಲ್ಲಿ ಜಾರ್ಜ್ ಫ್ಲಾಯ್ಡ್ ಪ್ರಾಣಬಿಟ್ಟ ಮೇಲೆ ಆ ದೇಶದ ಅನೇಕ ನಗರಗಳಲ್ಲಿ ಪ್ರತಿಭಟನಕಾರರು ಹೆದ್ದಾರಿಗಳಿಗೇ ಇಳಿದರು. ಇಂತಹ ತಡೆ ವರ್ಣಭೇದದ ವಿರುದ್ಧದ ಹೋರಾಟಕ್ಕೆ ಬಲ ತುಂಬುತ್ತದೆಯೇ, ಇಲ್ಲವೇ ಇದ್ದ ಸಹಾನುಭೂತಿಯನ್ನೂ ಕಳೆಯುತ್ತದೆಯೇ?

ಜನರ ಮೆಚ್ಚುಗೆಯೇ ಅಳತೆಗೋಲಾದರೆ ಉತ್ತರ ಸುಲಭ. ಆದರೆ ಆ ಅಳತೆಗೋಲು ನಂಬಲರ್ಹವೇ? 1961ರಲ್ಲಿ ಕಪ್ಪು ವರ್ಣೀಯರೂ ಬಿಳಿಯರೂ ಒಂದೇ ಬಸ್ಸಿನಲ್ಲಿ ಜೊತೆಯಾಗಿ ಕುಳಿತು ದಕ್ಷಿಣದ ರಾಜ್ಯಗಳಿಗೆ ಪ್ರಯಾಣ ಹೊರಟರು. ಅವರು ಯಾವ ದಾರಿಯನ್ನೂ ತಡೆಯಲಿಲ್ಲ. ಆದರೂ ಆ ವರ್ಷದ ಗ್ಯಾಲಪ್ ಸಮೀಕ್ಷೆಯಲ್ಲಿ ಅವರನ್ನು ಮೆಚ್ಚದವರು ಶೇಕಡಾ 61, ಮೆಚ್ಚಿದವರು ಶೇಕಡಾ 22 ಮಾತ್ರ. ಇಂತಹ ಬಸ್ ಯಾತ್ರೆ, ಧರಣಿಗಳಿಂದ ಕಪ್ಪು ಜನರಿಗೇ ಹಾನಿ ಎಂದವರು ಶೇಕಡಾ 57. ಇಂದು ಜಗತ್ತೇ ಕೊಂಡಾಡುವ 1963ರ ವಾಷಿಂಗ್ಟನ್ ಜಾಥಾದ ಬಗ್ಗೆಯೂ ಮುಂಚಿತವಾಗಿ ಅಸಮ್ಮತಿ ಸೂಚಿಸಿದವರು ಶೇಕಡಾ 60. ಜನ ಮುನಿದರು ಎಂಬುದರಿಂದಲೇ ಹೋರಾಟ ಸೋತಿತು ಎನ್ನಲಾಗದು. ಅನ್ಯಾಯಕ್ಕೆ ಒಗ್ಗಿಹೋದ ಸಮಾಜಕ್ಕೆ ಅದನ್ನು ಎತ್ತಿ ತೋರಿಸಿದವನ ಮೇಲೆಯೇ ಮೊದಲ ಸಿಟ್ಟು.

ಹಾಗೆಂದು ಎಲ್ಲ ತಡೆಗಳೂ ಒಂದೇ ತೂಕದವೂ ಅಲ್ಲ. 1964ರ ಏಪ್ರಿಲ್ 22ರಂದು ನ್ಯೂಯಾರ್ಕಿನಲ್ಲಿ ವಿಶ್ವ ವಸ್ತುಪ್ರದರ್ಶನದ ಉದ್ಘಾಟನೆ. ಜನಾಂಗೀಯ ಸಮಾನತೆಗಾಗಿ ದುಡಿಯುತ್ತಿದ್ದ 'ಕೋರ್' ಸಂಘಟನೆಯ ಬ್ರೂಕ್ಲಿನ್ ಘಟಕವು, ಅಲ್ಲಿಗೆ ಹೋಗುವ ಹೆದ್ದಾರಿಗಳಲ್ಲಿ ಪೆಟ್ರೋಲ್ ಮುಗಿದ ಕಾರುಗಳನ್ನು ನಿಲ್ಲಿಸಿ ಸಂಚಾರ ಸ್ತಬ್ಧಗೊಳಿಸಲು ಯೋಜಿಸಿತು. ಉದ್ಯೋಗ, ವಸತಿ, ಶಾಲೆಗಳಲ್ಲಿನ ತಾರತಮ್ಯ ಅವರ ದೂರು. ಅದು ಸತ್ಯವೂ ಆಗಿತ್ತು. ಆದರೆ ಸಂಘಟನೆಯ ರಾಷ್ಟ್ರೀಯ ನಾಯಕ ಜೇಮ್ಸ್ ಫಾರ್ಮರ್ ಅವರೇ ಇದನ್ನು ವಿರೋಧಿಸಿ ಆ ಘಟಕವನ್ನು ಅಮಾನತಿನಲ್ಲಿಟ್ಟರು. ಸೆನೆಟ್ಟಿನಲ್ಲಿ ನಾಗರಿಕ ಹಕ್ಕುಗಳ ಮಸೂದೆಗಾಗಿ ಹೆಣಗುತ್ತಿದ್ದ ಹ್ಯೂಬರ್ಟ್ ಹಂಫ್ರಿಯಂಥವರು, ಇದರಿಂದ ಮಸೂದೆಗೇ ಪೆಟ್ಟು ಬಿದ್ದೀತೆಂದು ಎಚ್ಚರಿಸಿದರು. ಮಾರ್ಟಿನ್ ಲೂಥರ್ ಕಿಂಗ್ ಅವರ ನಿಲುವು ಇವೆರಡಕ್ಕಿಂತಲೂ ಸೂಕ್ಷ್ಮವಾದುದು. ಇದೊಂದು ತಂತ್ರದೋಷವೆಂದು ಅವರು ಒಪ್ಪಿದರು. ಖಂಡಿಸಲು ಮಾತ್ರ ಒಪ್ಪಲಿಲ್ಲ. ದೀರ್ಘ ಭಾಷಣಗಳ ಮೂಲಕ ಸೆನೆಟ್ಟಿನಲ್ಲಿ ಮಸೂದೆಯನ್ನೇ ತಡೆದು ನಿಲ್ಲಿಸಿದವರ ಕೃತ್ಯಕ್ಕಿಂತ ರಸ್ತೆಯಲ್ಲಿ ಕಾರು ನಿಲ್ಲಿಸುವುದು ಹೇಗೆ ಹೆಚ್ಚಿನ ಅಪರಾಧ ಎಂಬುದು ಅವರ ಪ್ರಶ್ನೆಯಾಗಿತ್ತು. ಕೊನೆಗೆ ಬಂದ ಕಾರುಗಳು ಬೆರಳೆಣಿಕೆಯಷ್ಟು. ಜುಲೈ 2ರಂದು ಮಸೂದೆ ಕಾನೂನಾಯಿತು.

ಮರುವರ್ಷ ಅಲಬಾಮಾ ರಾಜ್ಯದ ಸೆಲ್ಮಾದಲ್ಲಿ ನಡೆದುದು ಬೇರೆಯೇ ಬಗೆಯದು. ಆ ಜಿಲ್ಲೆಯಲ್ಲಿ ಅರ್ಹ ಕಪ್ಪು ವರ್ಣೀಯರ ಪೈಕಿ ನೂರಕ್ಕೆ ಎರಡು ಮೂರು ಮಂದಿಗೆ ಮಾತ್ರ ಮತದಾರರ ಪಟ್ಟಿಯಲ್ಲಿ ಹೆಸರಿತ್ತು. 1965ರ ಮಾರ್ಚ್ 7ರಂದು ಸುಮಾರು 600 ಮಂದಿ ರಾಜಧಾನಿ ಮಾಂಟ್‌ಗೊಮರಿಗೆ ಪಾದಯಾತ್ರೆ ಹೊರಟರು. ಹೆದ್ದಾರಿಯ ಸಂಚಾರ ಹಾಗೂ ಸುರಕ್ಷತೆಯ ಕಾರಣ ನೀಡಿ ರಾಜ್ಯಪಾಲ ಜಾರ್ಜ್ ವ್ಯಾಲೆಸ್ ಅದನ್ನು ನಿಷೇಧಿಸಿದ್ದರು. ಕಾಲುದಾರಿಯಲ್ಲಿ ಇಬ್ಬಿಬ್ಬರಾಗಿ ನಡೆಯುತ್ತಿದ್ದವರನ್ನು ಸೇತುವೆಯಾಚೆ ಲಾಠಿ, ಅಶ್ರುವಾಯುಗಳು ಎದುರುಗೊಂಡವು. ಅಂದು ನಿಜವಾಗಿ ದಾರಿ ತಡೆದವರು ಯಾರು? ಹತ್ತು ದಿನಗಳ ನಂತರ ನ್ಯಾಯಾಧೀಶ ಫ್ರಾಂಕ್ ಜಾನ್ಸನ್ ತೀರ್ಪಿತ್ತರು: ಹೆದ್ದಾರಿಯಲ್ಲಿ ನಡೆದು ಪ್ರತಿಭಟಿಸುವ ಹಕ್ಕಿನ ವ್ಯಾಪ್ತಿಯು ಪ್ರತಿಭಟಿಸಲಾಗುತ್ತಿರುವ ಅನ್ಯಾಯದ ಅಗಾಧತೆಗೆ ಅನುಗುಣವಾಗಿರಬೇಕು. ಆದರೆ ಎರಡೇ ಪಥಗಳಿರುವೆಡೆ 300ಕ್ಕಿಂತ ಹೆಚ್ಚು ಜನ ನಡೆಯಕೂಡದು ಎಂಬ ಮಿತಿಯೂ ಇತ್ತು. ಮಾರ್ಚ್ 21ರಿಂದ 25ರವರೆಗೆ 54 ಮೈಲುಗಳ ಯಾತ್ರೆ ನಡೆಯಿತು. ಆಗಸ್ಟ್ 6ರಂದು ಮತದಾನ ಹಕ್ಕು ಕಾಯಿದೆಗೆ ಅಂಕಿತ ಬಿದ್ದಿತು.

ಸೆಲ್ಮಾ ನಮ್ಮ ಧರ್ಮಸಭೆಯನ್ನೂ ಪರೀಕ್ಷೆಗೊಡ್ಡಿತು. ದೂರದ ಊರುಗಳಿಂದ ಕಥೋಲಿಕ ಗುರುಗಳೂ ಧರ್ಮಭಗಿನಿಯರೂ ಧಾವಿಸಿ ಬಂದರು. ಸೇಂಟ್ ಲೂಯಿಯಿಂದ ಬಂದ ಕಪ್ಪು ವರ್ಣೀಯ ಭಗಿನಿ ಮೇರಿ ಆಂಟೋನಾ ಎಬೊ ಅವರಲ್ಲೊಬ್ಬರು. ಆದರೆ ಅಲ್ಲಿನ ಮಹಾಧರ್ಮಾಧ್ಯಕ್ಷ ಥಾಮಸ್ ಟೂಲನ್ ಅವರಿಗೆ ಇದು ಹಿಡಿಸಲಿಲ್ಲ. ಗುರುಗಳೂ ಭಗಿನಿಯರೂ ತಮ್ಮ ಊರುಗಳಲ್ಲೇ ಇದ್ದು ದೇವರ ಕೆಲಸ ಮಾಡಲಿ ಎಂಬುದು ಅವರ ನಿಲುವು. ಬೀದಿಯಲ್ಲಿ ನಡೆದದ್ದು ದೇವರ ಕೆಲಸವೇ ಅಲ್ಲವೇ ಎಂಬ ಪ್ರಶ್ನೆಗೆ ಒಂದೇ ಧರ್ಮಸಭೆಯೊಳಗೆ ಎರಡು ಉತ್ತರಗಳಿದ್ದವು.

ಇನ್ನೂ ಹತ್ತಿರದ ನಿದರ್ಶನ ಮಿಲ್ವಾಕೀ ನಗರದ್ದು. ಇಟಲಿಯಿಂದ ವಲಸೆ ಬಂದ ಕಿರಾಣಿ ವ್ಯಾಪಾರಿಯ ಮಗ ಫಾದರ್ ಜೇಮ್ಸ್ ಗ್ರೊಪ್ಪಿ ಅಲ್ಲಿನ ಸಂತ ಬೋನಿಫಾಸ್ ಚರ್ಚಿನಲ್ಲಿ ಗುರುಗಳಾಗಿದ್ದರು. ಆ ನಗರದಲ್ಲಿ ಕಪ್ಪು ಮಕ್ಕಳನ್ನು ಬಸ್ಸಿನಲ್ಲಿ ಬಿಳಿಯರ ಶಾಲೆಗೆ ಕರೆದೊಯ್ದು, ಅಲ್ಲಿಯೂ ಬೇರೆ ಕೋಣೆಯಲ್ಲೇ ಕೂರಿಸುತ್ತಿದ್ದರು. 1965ರಲ್ಲಿ ಮಾನವ ಸರಪಳಿ ರಚಿಸಿ ಆ ಬಸ್ಸುಗಳನ್ನೇ ತಡೆದು ಬಂಧಿತರಾದವರಲ್ಲಿ ಅವರೂ ಒಬ್ಬರು. 1967ರ ಆಗಸ್ಟ್ 28ರಂದು, ಕಪ್ಪು ಜನರಿಗೆ ಮನೆ ಮಾರದ, ಬಾಡಿಗೆಗೂ ಕೊಡದ ಪದ್ಧತಿಯ ವಿರುದ್ಧ, ಅವರು ಯುವಜನರೊಡನೆ ಹದಿನಾರನೇ ಬೀದಿಯ ಮೇಲ್ಸೇತುವೆಯನ್ನು ದಾಟಿದರು. ಉತ್ತರದ ಕಪ್ಪು ಬಡಾವಣೆಯನ್ನೂ ಪೋಲಿಷ್ ಮೂಲದ ಕಥೋಲಿಕರು ಬಹುಸಂಖ್ಯೆಯಲ್ಲಿದ್ದ ದಕ್ಷಿಣ ಭಾಗವನ್ನೂ ಜೋಡಿಸುವ ಸೇತುವೆ ಅದು. 'ಆಫ್ರಿಕವನ್ನು ಪೋಲೆಂಡಿಗೆ ಜೋಡಿಸುವ ಜಗತ್ತಿನ ಅತಿ ಉದ್ದದ ಸೇತುವೆ' ಎಂದು ಊರ ಜನ ಕುಹಕವಾಡುತ್ತಿದ್ದರು. ಅತ್ತ ಕಡೆ ಸಾವಿರಾರು ಮಂದಿ ಕಲ್ಲು, ಬಾಟಲಿ ಎಸೆದರು. ಎಸೆದವರಲ್ಲಿ ಭಾನುವಾರದ ಬಲಿಪೂಜೆಗೆ ತಪ್ಪದವರೂ ಇದ್ದರೆಂಬುದು ನಾವು ಮರೆಯಬಾರದ ವ್ಯಥೆ. ಜಾಥಾ 200 ದಿನ ಎಡೆಬಿಡದೆ ನಡೆಯಿತು. ಗ್ರೊಪ್ಪಿಯವರ ಬಾಯಿ ಮುಚ್ಚಿಸಬೇಕೆಂಬ ಒತ್ತಡಕ್ಕೆ ಮಹಾಧರ್ಮಾಧ್ಯಕ್ಷ ವಿಲಿಯಂ ಕಸಿನ್ಸ್ ಮಣಿಯಲಿಲ್ಲ. ನಗರಸಭೆಯ ಮೊದಲ ಕಪ್ಪು ಸದಸ್ಯೆ ವೆಲ್ ಫಿಲಿಪ್ಸ್ 1962ರಿಂದ ಮಂಡಿಸುತ್ತ ಬಂದು, ಮತ್ತೆ ಮತ್ತೆ ತಮ್ಮ ಒಂದೇ ಮತದೊಡನೆ ಸೋಲುತ್ತಿದ್ದ ವಸತಿ ಸಮಾನತೆಯ ಕಾನೂನು 1968ರ ಏಪ್ರಿಲ್ 30ರಂದು ಅಂಗೀಕಾರವಾಯಿತು. ಆ ತಿಂಗಳು ಕಿಂಗ್ ಅವರ ಹತ್ಯೆಯಾಗಿತ್ತು, ರಾಷ್ಟ್ರೀಯ ವಸತಿ ಕಾಯಿದೆಯೂ ಬಂದಿತ್ತು. ಆದ್ದರಿಂದ ಗೆಲುವೆಲ್ಲವೂ ಜಾಥಾದ್ದೇ ಎನ್ನಲಾಗದು. ಆದರೆ ಆ ಪ್ರಶ್ನೆಯನ್ನು ಜನ ಮರೆಯದಂತೆ ಮಾಡಿದ್ದು ಆ ಹೆಜ್ಜೆಗಳೇ. ಇಂದು ಆ ಸೇತುವೆಗೆ ಗ್ರೊಪ್ಪಿಯವರ ಹೆಸರಿದೆ.

ಕೃತ್ಯವೊಂದರ ಒಳಿತು ಕೆಡುಕನ್ನು ಅದರ ಸ್ವರೂಪ, ಉದ್ದೇಶ, ಸನ್ನಿವೇಶ ಎಂಬ ಮೂರರಿಂದ ಅಳೆಯಬೇಕೆಂಬುದು ಸಂತ ತೋಮಸ್ ಅಕ್ವಿನಾಸರಿಂದ ಬಂದ ವಿವೇಕ. ಇಲ್ಲಿಗೆ ಅದನ್ನು ಅನ್ವಯಿಸಿದರೆ ಭೇದ ತಿಳಿಯಾಗುತ್ತದೆ. ಮಿಲ್ವಾಕೀಯಲ್ಲಿ ತಡೆಯಲಾದ ಬಸ್ಸೇ ಅನ್ಯಾಯದ ಸಾಧನವಾಗಿತ್ತು. ದಾಟಿದ ಸೇತುವೆಯೇ ವರ್ಣಭೇದದ ಗಡಿಯಾಗಿತ್ತು. ನೋಡಿದವನಿಗೆ ಬೇರೆ ವಿವರಣೆ ಬೇಕಿರಲಿಲ್ಲ. ಸೆಲ್ಮಾದಲ್ಲಿ ಪೆಟ್ಟು ತಿಂದವರು ಪ್ರತಿಭಟಿಸಿದವರೇ. ನ್ಯೂಯಾರ್ಕಿನ ಯೋಜನೆಯಲ್ಲಾದರೋ ನೋವು ಸಂಬಂಧವಿಲ್ಲದ ಪ್ರಯಾಣಿಕನ ಪಾಲಿಗೆ. ಅವನ ಕಣ್ಣಿಗೆ ಬೀಳುವುದು ಕೆಟ್ಟು ನಿಂತ ಕಾರು, ಕಪ್ಪು ಮಗುವಿನ ಮುರುಕು ಶಾಲೆಯಲ್ಲ. ತಡೆಯು ನೋಡುವವರ ದೃಷ್ಟಿಯನ್ನು ಅನ್ಯಾಯದತ್ತ ತಿರುಗಿಸಿದಾಗ, ಅದರ ಭಾರವನ್ನು ತಡೆದವರೇ ಹೊತ್ತಾಗ ಹೋರಾಟಕ್ಕೆ ಬಲ. ದೃಷ್ಟಿ ತಡೆದವರ ಮೇಲೆಯೇ ನಿಂತಾಗ, ಭಾರ ಮೂರನೆಯವನ ಹೆಗಲೇರಿದಾಗ ಹಾನಿ.

2016ರ ಜುಲೈಯಲ್ಲಿ ಸೇಂಟ್ ಪಾಲ್ ನಗರದಲ್ಲಿ ಎರಡೂ ಒಂದೇ ರಾತ್ರಿ ಕಂಡುಬಂದವು. ಪೊಲೀಸ್ ಗುಂಡಿಗೆ ಕಪ್ಪು ವರ್ಣೀಯರೊಬ್ಬರು ಬಲಿಯಾದಾಗ ಜನ ತಡೆದ 94ನೇ ಹೆದ್ದಾರಿ, ಹಿಂದೆ ರೊಂಡೊ ಎಂಬ ಕಪ್ಪು ಜನರ ಬಡಾವಣೆಯನ್ನು ಸೀಳಿ, ನೂರಾರು ಮನೆಗಳನ್ನು ಕೆಡವಿ ಹಾಕಿದ ರಸ್ತೆ. ಆ ಸ್ಥಳವೇ ಒಂದು ಸಾಕ್ಷ್ಯ. ಆದರೆ ಗುಂಪಿನಲ್ಲಿ ಕೆಲವರು ಕಲ್ಲೆಸೆದು ಪೊಲೀಸರು ಗಾಯಗೊಂಡಾಗ ಆ ಸಾಕ್ಷ್ಯ ಸದ್ದಿನಲ್ಲಿ ಮುಳುಗಿತು. 1960ರ ದಶಕದ ಪ್ರತಿಭಟನೆಗಳನ್ನು ಅಭ್ಯಸಿಸಿ ಓಮರ್ ವಾಸೋ ಎಂಬ ವಿದ್ವಾಂಸರು 2020ರಲ್ಲಿ ಪ್ರಕಟಿಸಿದ ಸಂಶೋಧನೆಯೂ ಇದನ್ನೇ ಹೇಳುತ್ತದೆ: ಅಹಿಂಸಾತ್ಮಕ ಪ್ರತಿಭಟನೆಯು ಬಿಳಿಯ ಮತದಾರರನ್ನು ನಾಗರಿಕ ಹಕ್ಕುಗಳ ಪಕ್ಷದತ್ತ ಒಲಿಸಿತು, ಪ್ರತಿಭಟನಕಾರರ ಹಿಂಸೆ ಅವರನ್ನು ದೂರ ತಳ್ಳಿತು. ರಸ್ತೆ ತಡೆಯ ವಿರುದ್ಧ ಎದ್ದ ಕೋಪವೂ ಕುರುಡಾಗಬಲ್ಲದು. 2021ರಲ್ಲಿ ಓಕ್ಲಹೋಮ ರಾಜ್ಯವು, ಗಲಭೆಯಿಂದ ಪಾರಾಗುವ ಯತ್ನದಲ್ಲಿ ಜನರಿಗೆ ವಾಹನ ಹಾಯಿಸಿದ ಚಾಲಕನಿಗೆ ರಕ್ಷಣೆ ನೀಡುವ ಕಾನೂನನ್ನೇ ತಂದಿತು.

ರಸ್ತೆಗಿಳಿಯುವವರಿಗೆ ಇಷ್ಟು ಹೇಳಿದ ಮೇಲೆ, ತಡೆಯಲ್ಲಿ ಸಿಲುಕುವ ನಮಗೂ ಒಂದು ಮಾತಿದೆ. 1963ರಲ್ಲಿ ಬರ್ಮಿಂಗ್‌ಹ್ಯಾಮಿನ ಪ್ರತಿಭಟನೆ ಅಕಾಲಿಕವೆಂದು ಎಂಟು ಮಂದಿ ಧಾರ್ಮಿಕ ನಾಯಕರು ಹೇಳಿಕೆಯಿತ್ತರು. ಕಥೋಲಿಕ ಸಹಾಯಕ ಧರ್ಮಾಧ್ಯಕ್ಷ ಜೋಸೆಫ್ ಡ್ಯೂರಿಕ್ ಅವರಲ್ಲೊಬ್ಬರು. ಕಿಂಗ್ ಸೆರೆಮನೆಯಿಂದ ಬರೆದ ಉತ್ತರದಲ್ಲಿ ಸಂತ ಆಗುಸ್ತೀನರನ್ನೂ ಅಕ್ವಿನಾಸರನ್ನೂ ನೆನಪಿಸಿ, ಮಾತುಕತೆಯ ಬಾಗಿಲು ಮುಚ್ಚಿದವರೇ ತಾಳ್ಮೆ ಬೋಧಿಸುವುದನ್ನು ಪ್ರಶ್ನಿಸಿದರು. ಅದೇ ಡ್ಯೂರಿಕ್ ಮುಂದೆ ನ್ಯಾಶ್‌ವಿಲ್ ಧರ್ಮಪ್ರಾಂತದ ಧರ್ಮಾಧ್ಯಕ್ಷರಾಗಿ ಕಪ್ಪು ಜನರ ಹಕ್ಕುಗಳ ಬಹಿರಂಗ ಬೆಂಬಲಿಗರಾದರು. ವಾಹನದಲ್ಲಿ ಕುಳಿತು ಸಿಡುಕುವಾಗ ನಾವೂ ಒಮ್ಮೆ ಕೇಳಿಕೊಳ್ಳೋಣ: ಇವರು ಈ ರಸ್ತೆಗೆ ಬರುವ ಮುನ್ನ ಎಷ್ಟು ಬಾಗಿಲುಗಳನ್ನು ತಟ್ಟಿದ್ದರು? ಅವುಗಳಲ್ಲಿ ನಮ್ಮ ಮನೆಯದೂ ಒಂದಿತ್ತೇ?