ತಳ ಹಿಡಿಯುವುದೇಕೆ?

ದೋಸೆ ಏಳದಿದ್ದರೆ ಹಿಟ್ಟನ್ನು ಬೈಯುತ್ತೇವೆ, ಉಪ್ಪಿಟ್ಟು ತಳ ಹಿಡಿದರೆ ಬಾಣಲೆಯನ್ನು. ಉರಿಯನ್ನು ಬೈದವರು ಕಡಿಮೆ. ಸ್ಟೀಲ್ ಕೊಳ್ಳುವುದೋ ನಾನ್‌ಸ್ಟಿಕ್ ಕೊಳ್ಳುವುದೋ ಎಂಬ ಚರ್ಚೆಯಲ್ಲಿ ಬೆಲೆ, ತೂಕ, ಕ್ಯಾನ್ಸರಿನ ಭಯ ಎಲ್ಲ ಬಂದುಹೋಗುತ್ತವೆ. ಕೊಂಡು ತಂದ ಮೇಲೆ ಅದರ ಕೆಳಗೆ ಎಷ್ಟು ಉರಿ ಇಡುತ್ತೀರಿ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಎರಡರ ಒಳಿತು ಕೆಡುಕು ಬಹುಪಾಲು ನಿಂತಿರುವುದು ಅದರ ಮೇಲೆಯೇ.

ಬಂದೂಕಿನ ನಳಿಗೆ ಸವೆಯದಂತೆ ಮಾಡುವ ದಾರಿ ಹುಡುಕುತ್ತಿದ್ದ ಹ್ಯಾರಿ ಬ್ರಿಯರ್ಲಿ 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಉಕ್ಕಿಗೆ ಸುಮಾರು ಶೇ 13ರಷ್ಟು ಕ್ರೋಮಿಯಂ ಬೆರೆಸಿದ. ಸಿಕ್ಕಿದ್ದು ತುಕ್ಕು ಹಿಡಿಯದ ಉಕ್ಕು. ಕ್ರೋಮಿಯಂ ಗಾಳಿಯ ಆಮ್ಲಜನಕದೊಡನೆ ಸೇರಿ ಕೆಲವೇ ನ್ಯಾನೋಮೀಟರ್ ದಪ್ಪದ ಪೊರೆ ಕಟ್ಟುತ್ತದೆ. ಗೀರು ಬಿದ್ದರೆ ಅಲ್ಲಿ ಪೊರೆ ತಾನಾಗಿ ಮತ್ತೆ ಮೂಡುತ್ತದೆ. ಹಾಗಾಗಿ ಸ್ಟೀಲ್ ಪಾತ್ರೆಯನ್ನು ನಾರಿನಿಂದ ತಿಕ್ಕಬಹುದು, ಹುಣಸೆಹುಳಿಯ ಗೊಜ್ಜು ಕುದಿಸಬಹುದು.

ಸೋಲುವುದು ಶಾಖ ಹರಡುವುದರಲ್ಲಿ. ಅಲ್ಯೂಮಿನಿಯಂಗೆ ಹೋಲಿಸಿದರೆ ಸ್ಟೀಲಿನ ಉಷ್ಣವಾಹಕತೆ ಸುಮಾರು ಹದಿನೈದರಲ್ಲಿ ಒಂದು ಪಾಲು. ತೆಳು ಸ್ಟೀಲ್ ಬಾಣಲೆಯಲ್ಲಿ ಸೀದ ಉಪ್ಪಿಟ್ಟನ್ನು ಕೆರೆದು ನೋಡಿ: ಕಪ್ಪು ಕಲೆ ಬರ್ನರಿನ ಉಂಗುರದ ಆಕಾರದಲ್ಲೇ ಕೂತಿರುತ್ತದೆ. ನಡುವೆ ಅಲ್ಯೂಮಿನಿಯಂ ಹಾಳೆ ಇಟ್ಟು ಮಾಡುವ ಟ್ರೈಪ್ಲೈ ಪಾತ್ರೆ ಬಂದದ್ದು ಇದೇ ಕಾರಣಕ್ಕೆ. ಬೆಲೆ ಹೆಚ್ಚು, ಆದರೆ ಕೊಟ್ಟ ದುಡ್ಡಿಗೆ ಮೋಸವಿಲ್ಲ.

ಅಂಟುವುದು ಇನ್ನೊಂದು ಕಥೆ. ಕಣ್ಣಿಗೆ ನುಣುಪಾಗಿ ಕಂಡರೂ ಲೋಹದ ಮೈ ತುಂಬ ಸಣ್ಣ ಸಣ್ಣ ತಗ್ಗುಗಳಿರುತ್ತವೆ. ಬಾಣಲೆ ಕಾಯುವ ಮೊದಲೇ ಮೊಟ್ಟೆ ಒಡೆದು ಹಾಕಿದರೆ ಲೋಳೆ ಆ ತಗ್ಗುಗಳಿಗೆ ಇಳಿದು, ಅದರ ಪ್ರೋಟೀನು ಲೋಹಕ್ಕೆ ಕಚ್ಚಿಕೊಂಡೇ ಗಟ್ಟಿಯಾಗುತ್ತದೆ. ಬಾಣಲೆ ಕಾದಿದ್ದು ಎಣ್ಣೆಯೂ ಹರಡಿದ್ದರೆ ತಾಗಿದ ಪದರ ತಕ್ಷಣ ಗಟ್ಟಿಯಾಗುತ್ತದೆ, ಹೊಮ್ಮುವ ಆವಿ ಅದನ್ನು ಮೇಲಕ್ಕೆ ತಳ್ಳುತ್ತದೆ. ಹದ ತಿಳಿಯಲು ಒಂದು ಹನಿ ನೀರು ಸಾಕು. ಹನಿ ಚುಂಯ್ ಎಂದು ಆರಿಹೋದರೆ ಇನ್ನೂ ಕಾಯಬೇಕು. ಸುಮಾರು 200 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದಾಗ ಅದು ಆರುವುದಿಲ್ಲ, ಗುಂಡಗಾಗಿ ಬಾಣಲೆಯ ತುಂಬ ಓಡಾಡುತ್ತದೆ. ಅಡಿಯಲ್ಲಿ ಆವಿಯ ಹಾಸು ಮೂಡಿ ಹನಿ ಅದರ ಮೇಲೆ ತೇಲುತ್ತಿರುತ್ತದೆ. 1756ರಲ್ಲೇ ಇದನ್ನು ವಿವರಿಸಿದ ಜರ್ಮನ್ ವೈದ್ಯ ಲೈಡನ್‌ಫ್ರಾಸ್ಟ್‌ನ ಹೆಸರಿನಿಂದ ಇಂದಿಗೂ ಕರೆಯುತ್ತಾರೆ. ಅಷ್ಟರಲ್ಲಿ ಉರಿ ತಗ್ಗಿಸಿ, ನೀರು ಒರೆಸಿ, ಎಣ್ಣೆ ಬಿಡಬೇಕು. ಕರಾವಳಿಯವರು ಮಾತ್ರ ಈ ಪರೀಕ್ಷೆಯನ್ನು ಇಷ್ಟು ದೂರ ಒಯ್ಯಬಾರದು: ಗಾಣದ ಕೊಬ್ಬರಿ ಎಣ್ಣೆ ಅದಕ್ಕೂ ಮೊದಲೇ ಹೊಗೆಯಾಡುತ್ತದೆ. ಮೀನಿನ ತುಂಡಿಗೆ ಆತುರದ ಸಟ್ಟುಗ ಹಾಕಬೇಡಿ. ಅಡಿ ಕೆಂಪಗಾದ ಮೇಲೆ ಅದು ತಾನೇ ಬಿಡುತ್ತದೆ.

ಈ ತಾಳ್ಮೆಯನ್ನೆಲ್ಲ ಬೇಡವಾಗಿಸಿದ್ದು ಒಂದು ಆಕಸ್ಮಿಕ. 1938ರ ಏಪ್ರಿಲ್ 6ರಂದು ಅಮೆರಿಕದ ಡುಪಾಂಟ್ ಕಂಪನಿಯ ರಾಯ್ ಪ್ಲಂಕೆಟ್ ಅನಿಲದ ಸಿಲಿಂಡರ್ ತಿರುಗಿಸಿದಾಗ ಏನೂ ಬರಲಿಲ್ಲ, ತೂಕ ಮಾತ್ರ ಹಾಗೇ ಇತ್ತು. ಕೊಯ್ದು ನೋಡಿದರೆ ಒಳಗೆ ಬಿಳಿ ಪುಡಿ. ಅದೇ ಪಿಟಿಎಫ್‌ಇ, ಟೆಫ್ಲಾನ್. ಇಂಗಾಲ ಮತ್ತು ಫ್ಲೋರಿನ್ ಒಂದನ್ನೊಂದು ಎಷ್ಟು ಬಿಗಿಯಾಗಿ ಹಿಡಿದಿರುತ್ತವೆ ಎಂದರೆ ಬೇರೆ ಯಾವುದಕ್ಕೂ ಅಂಟಲು ಜಾಗವಿರುವುದಿಲ್ಲ. ಏನೂ ಅಂಟದ್ದನ್ನು ಬಾಣಲೆಗೆ ಅಂಟಿಸುವುದು ಹೇಗೆ? ಫ್ರಾನ್ಸಿನ ಮಾರ್ಕ್ ಗ್ರೆಗ್ವಾರ್ 1954ರ ಸುಮಾರಿಗೆ ಅಲ್ಯೂಮಿನಿಯಂ ಮೈಯನ್ನು ಆಮ್ಲದಿಂದ ಒರಟು ಮಾಡಿ ಲೇಪ ಕಚ್ಚುವಂತೆ ಮಾಡಿದ.

ಈ ಲೇಪಕ್ಕೆ 260 ಡಿಗ್ರಿಯ ಮಿತಿ ಹೇಳುತ್ತಾರೆ. 350 ದಾಟಿದರೆ ಅದು ಒಡೆದು ವಿಷಾನಿಲ ಬಿಡುತ್ತದೆ. ಮನೆಯಲ್ಲಿ ಸಾಕಿದ ಗಿಳಿಗಳು ಇದರಿಂದ ಸತ್ತದ್ದುಂಟು. ಪಲ್ಯವೋ ನೀರೋ ಇದ್ದಾಗ ಬಿಸಿ ಅಷ್ಟು ಏರುವುದಿಲ್ಲ. ಅಪಾಯವಿರುವುದು ಖಾಲಿ ಬಾಣಲೆಯಲ್ಲಿ. ದೊಡ್ಡ ಉರಿಯ ಮೇಲೆ ಇಟ್ಟು ಸಾಸಿವೆ ಡಬ್ಬಿ ಹುಡುಕುವಷ್ಟರಲ್ಲಿ ಬಿಸಿ ಮಿತಿಯತ್ತ ಧಾವಿಸುತ್ತಿರುತ್ತದೆ. ಒಗ್ಗರಣೆಗೆ ನಾನ್‌ಸ್ಟಿಕ್ ಬೇಡ ಎನ್ನುವುದು ಅದಕ್ಕೇ.

ಕ್ಯಾನ್ಸರಿನ ಮಾತು ಬಂದದ್ದು ಲೇಪ ತಯಾರಿಸುವಾಗ ಬಳಸುತ್ತಿದ್ದ ಪಿಎಫ್‌ಒಎ ಎಂಬ ಇನ್ನೊಂದು ರಾಸಾಯನಿಕದಿಂದ. 2023ರಲ್ಲಿ ಅದನ್ನು ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯವಾಗಿ ವರ್ಗೀಕರಿಸಲಾಯಿತು. ಆದರೆ ಹೆಚ್ಚು ಪೆಟ್ಟು ತಿಂದವರು ದೋಸೆ ತಿಂದವರಲ್ಲ, ಅಮೆರಿಕದ ಪಾರ್ಕರ್ಸ್‌ಬರ್ಗ್‌ನಂಥ ಕಡೆ ಕಾರ್ಖಾನೆಯ ಸುತ್ತಲಿನ ನೀರು ಕುಡಿದವರು. ‘ಪಿಎಫ್‌ಒಎ ಮುಕ್ತ’ ಎಂಬ ಚೀಟಿ ನೋಡಿ ಲೇಪವೇ ಬೇರೆ ಎಂದುಕೊಳ್ಳಬೇಡಿ. ಅದು ಬಹುಮಟ್ಟಿಗೆ ಅದೇ ಪಿಟಿಎಫ್‌ಇ. ಲೇಪದ ಚೂರು ಹೊಟ್ಟೆಗೆ ಹೋದರೂ ಜೀರ್ಣವಾಗದೆ ಹೊರಬೀಳುತ್ತದೆ. ಸುಲಿದ ಬಾಣಲೆಯಲ್ಲಿ ಅಂಟದ ಗುಣವೇ ಉಳಿದಿರುವುದಿಲ್ಲವಾದ್ದರಿಂದ ಬದಲಿಸಬೇಕು, ಅಷ್ಟೆ.

ಆಮ್ಲೆಟ್‌ಗೆ, ಸಣ್ಣ ಉರಿಯ ಕೆಲಸಕ್ಕೆ ಒಂದು ಪುಟ್ಟ ನಾನ್‌ಸ್ಟಿಕ್ ಇರಲಿ. ಉಳಿದದ್ದಕ್ಕೆ ದಪ್ಪ ತಳದ ಸ್ಟೀಲ್. ದೋಸೆಗೆ ಎರಡೂ ಬೇಡ. ಪಳಗಿದ ಕಬ್ಬಿಣದ ಕಾವಲಿಯ ಮೇಲೆ ಎಣ್ಣೆಯೇ ಕಾದು ಗಟ್ಟಿ ಲೇಪವಾಗಿರುತ್ತದೆ; ಸುಲಿದರೆ ಮನೆಯಲ್ಲೇ ಮತ್ತೆ ಪಳಗಿಸಬಹುದು.

ಸ್ಟೀಲ್ ಕೊಳ್ಳುವಾಗ ಅಂಗಡಿಯವರು ಅಯಸ್ಕಾಂತ ತಾಗಿಸಿ, ‘ನೋಡಿ, ಹಿಡಿಯಲ್ಲ, ಒಳ್ಳೇ ಮಾಲು’ ಎನ್ನುವುದುಂಟು. ನಿಕ್ಕಲ್ ಶೇ 8ರಷ್ಟಿರುವ 304 ದರ್ಜೆಗೂ ಅದು ಅಂಟುವುದಿಲ್ಲ, ನಿಕ್ಕಲ್ ಉಳಿಸಲು ಮ್ಯಾಂಗನೀಸ್ ಬೆರೆಸಿದ ಅಗ್ಗದ 200 ಸರಣಿಗೂ ಅಂಟುವುದಿಲ್ಲ. 2024ರಲ್ಲಿ ಕೇಂದ್ರ ಸರ್ಕಾರ ಸ್ಟೀಲ್ ಪಾತ್ರೆಗೆ ಐಎಸ್‌ಐ ಗುರುತು ಕಡ್ಡಾಯ ಮಾಡಿ ಆದೇಶ ಹೊರಡಿಸಿದೆ. ಅದನ್ನು ಹುಡುಕಿ, ದರ್ಜೆಯ ಸಂಖ್ಯೆ ಕೇಳಿ. ಇಂಡಕ್ಷನ್ ಒಲೆಯಿರುವ ಮನೆಯವರಿಗಂತೂ ಆ ಪರೀಕ್ಷೆ ತಿರುಗುಮುರುಗು: ಪಾತ್ರೆಯ ಅಡಿಗೆ ಅಯಸ್ಕಾಂತ ಅಂಟದಿದ್ದರೆ ಒಲೆ ಅದನ್ನು ಬಿಸಿ ಮಾಡುವುದೇ ಇಲ್ಲ.