ಹೀರೋ ಜಾರಿದರೆ ರೀಟೇಕ್ ಉಂಟು... ನಾನು ಜಾರಿದರೆ?

1976ರ ‘ನಾ ನಿನ್ನ ಮರೆಯಲಾರೆ’ ಚಿತ್ರದಲ್ಲಿ ಅಣ್ಣಾವ್ರು ಬೈಕ್ ಏರಿ ಬಂದಾಗ ಶಿಳ್ಳೆ ಹೊಡೆಯದ ಅಭಿಮಾನಿ ಯಾರಿದ್ದಾನೆ? ಟೀವಿಯಲ್ಲಿ ನಾಲ್ಕು ಸಲ ನೋಡಿದವನು ನಾನು. ಬೈಕ್ ನೋಡಿದೆ, ಸ್ಟೈಲ್ ನೋಡಿದೆ. ಟೈರ್ ಮಾತ್ರ ನೋಡಲೇ ಇಲ್ಲ! ಅದನ್ನು ಕಲಿಸಿದ್ದು ಚಾರ್ಮಾಡಿ ಘಾಟಿ.

ಹೋದ ಮಳೆಗಾಲದ ಮಾತು. ನನ್ನದು ಅಪ್ಪನ ಕಾಲದ ಬುಲೆಟ್ 350. ಹಿಂದೆ ತಮ್ಮ, ಎರಡೂ ಕಡೆ ಬ್ಯಾಗು. ಮುಂದೆ ಗೆಳೆಯನ ಡೊಮಿನಾರ್ 400. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಘಾಟಿ ಇಳಿಯುತ್ತಿದ್ದೆವು. ಒಂದು ತಿರುವಿನಲ್ಲಿ ಹಿಂದಿನ ಚಕ್ರ ಸರ್ರನೆ ಜಾರಿತು! ಪಕ್ಕದಲ್ಲೇ ಪ್ರಪಾತ... ಕಾಲೂರಿ ಹೇಗೋ ನಿಲ್ಲಿಸಿದೆ. ತಮ್ಮ ಹಿಡಿದ ನನ್ನ ಸೊಂಟ ಬಿಡಲೇ ಇಲ್ಲ.

“ರೇಡಿಯಲ್ ಹಾಕ್ಸು ಗುರೂ! ನನ್ ಗಾಡಿ ಅಲ್ಲಾಡ್ಲಿಲ್ಲ ನೋಡು” ಅಂದ ಗೆಳೆಯ.

ಊರಿಗೆ ಬಂದವನೇ ಟೈರ್ ಅಂಗಡಿಗೆ ಓಡಿದೆ. “ಅಣ್ಣಾ, ಹಿಂದಕ್ಕೊಂದು ರೇಡಿಯಲ್ ಹಾಕಿ.”

ಅವರು ನಕ್ಕರು. “ಮುಂದೆ ಒಂದು ಜಾತಿ, ಹಿಂದೆ ಒಂದು ಜಾತಿ ಹಾಕಿದ್ರೆ ತಿರುವಿನಲ್ಲಿ ಎರಡೂ ಒಂದೇ ಥರ ನಡ್ಕೊಳ್ಳಲ್ಲ ತಮ್ಮಾ. ಮೊದ್ಲು ಒಳಗೇನಿದೆ ತಿಳ್ಕೋ.”

ಬಯಾಸ್ ಟೈರಿನಲ್ಲಿ ನೈಲಾನ್ ದಾರದ ಪದರಗಳು ಒಂದರ ಮೇಲೊಂದು ಓರೆಯಾಗಿ ಹಾಯ್ದಿರುತ್ತವೆ. ಹಾಗಾಗಿ ಪಕ್ಕದ ಗೋಡೆ ಗಟ್ಟಿ. ಭಾರ ಹೊರುತ್ತದೆ, ಗುಂಡಿಯ ಏಟು ತಡೆಯುತ್ತದೆ, ಬೆಲೆಯೂ ಕಡಿಮೆ. ಆದರೆ ವೇಗವಾಗಿ ಬಹಳ ಹೊತ್ತು ಓಡಿಸಿದರೆ ಬೇಗ ಬಿಸಿಯಾಗುತ್ತದೆ. ರೇಡಿಯಲ್‌ನಲ್ಲಿ ದಾರಗಳು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರ ಅಡ್ಡಲಾಗಿ ಹೋಗುತ್ತವೆ, ಮೇಲೊಂದು ಪಟ್ಟಿ. ಗೋಡೆ ಬಳುಕುತ್ತದೆ, ಮೈ ರಸ್ತೆಗೆ ಚೆನ್ನಾಗಿ ಅಂಟುತ್ತದೆ, ಬಿಸಿ ಕಡಿಮೆ. ಮಿಷೆಲಿನ್ ಕಂಪನಿ ಇದಕ್ಕೆ ಪೇಟೆಂಟ್ ಪಡೆದದ್ದು 1946ರಲ್ಲಿ, ಕಾರುಗಳಿಗಾಗಿ. ಬೈಕುಗಳಿಗೆ ಬಂದದ್ದು 1980ರ ದಶಕದಲ್ಲಿ.

ಗುರುತು ಟೈರ್ ಮೇಲೇ ಇದೆ. ಗೆಳೆಯನದು 150/60 ಆರ್ 17. ಆ ‘ಆರ್’ ಅಂದರೆ ರೇಡಿಯಲ್. ನನ್ನದು 3.25-19. ಬರೀ ಅಡ್ಡಗೆರೆ ಇದ್ದರೆ ಬಯಾಸ್. ಅಗಲ ರಿಮ್ಮಿನ, ಹೆದ್ದಾರಿಯಲ್ಲಿ ಹಾರುವ ಅವನ ಗಾಡಿಗೆ ಅದು ಸರಿ. ಕಿರಿದಾದ ಕಡ್ಡಿ ಚಕ್ರದ ನನ್ನ ಬುಲೆಟ್‌ಗೆ ಇದೇ ಸರಿ. ಕಂಪನಿ ಹೇಳಿದ್ದನ್ನು ಮೀರಬಾರದು.

“ಮತ್ತೆ ನಾನ್ಯಾಕೆ ಜಾರಿದೆ?”

ಅಣ್ಣ ಟೈರಿನ ಗೀರಿಗೆ ಉಗುರು ಇಟ್ಟರು. ಗೀರೇ ಇರಲಿಲ್ಲ! ಸವೆತದ ಗುರುತಿಗೆ ಸಮವಾಗಿ ರಬ್ಬರ್ ಸವೆದಿತ್ತು. ಪಕ್ಕದಲ್ಲಿ ನಾಲ್ಕು ಅಂಕೆ: 1216. ಅಂದರೆ 2016ರ 12ನೇ ವಾರ ತಯಾರಾದದ್ದು!

“ಜಾರಿದ್ದು ಬಯಾಸ್ ಅಲ್ಲಪ್ಪಾ, ನಿನ್ ಸೋಮಾರಿತನ.”

ಮರುಮಾತಾಡದೆ ಹೊಸ ಬಯಾಸ್ ಟೈರ್ ಜೋಡಿ ಹಾಕಿಸಿದೆ. ಈಗ ಹೊರಡುವ ಮುಂಚೆ, ಟೈರ್ ತಣ್ಣಗಿರುವಾಗಲೇ ಗಾಳಿ ನೋಡುತ್ತೇನೆ. ತಮ್ಮ ಕೂರುವ ಮುಂಚೆ ತಾನೂ ಒಮ್ಮೆ ಬಗ್ಗಿ ನೋಡುತ್ತಾನೆ.

ಗೆಳೆಯರೇ, ತೆರೆಯ ಮೇಲೆ ಹೀರೋಗೆ ರೀಟೇಕ್ ಇದೆ. ಮುಂದಿನ ಚಿತ್ರಕ್ಕೆ ಶಿಳ್ಳೆ ಹೊಡೆಯಲು ನಾವು ಉಳಿದಿರಬೇಕಲ್ಲವೇ?