ರಿಪೇರಿಗೆ ಬಂದವರು ಕೆಡವಿದ ಮನೆ

ಹಾಸನದ ಕಡೆಯ ಓದುಗರೊಬ್ಬರು ಪತ್ರ ಬರೆದಿದ್ದಾರೆ. ವಯಸ್ಸು 38. ಮಂಡಿನೋವೆಂದು ಎರಡು ವರ್ಷ ಎಣ್ಣೆ ತಿಕ್ಕಿಸಿಕೊಂಡರಂತೆ, ಮೂರು ಸಲ ಮಂಡಿಯ ಎಕ್ಸ್‌ರೇ ತೆಗೆಸಿದರಂತೆ. ಕೊನೆಗೆ ಯಾರೋ ಪುಣ್ಯಾತ್ಮ ವೈದ್ಯರು ತೊಡೆಯನ್ನು ಒಳಕ್ಕೆ ತಿರುಗಿಸಿ ನೋಡಿ ಎಂಆರ್‌ಐ ಮಾಡಿಸಿದಾಗ ಕಾಯಿಲೆ ಸಿಕ್ಕಿತು: ಏವಿಎನ್. ರಕ್ತ ಹರಿಯದೆ ತೊಡೆಮೂಳೆಯ ತಲೆ ಸತ್ತಿದೆ, ಕೀಲು ಬದಲಿಸಬೇಕು. ಅವರ ಪ್ರಶ್ನೆ ಎರಡು. ಸತ್ತ ಮೂಳೆಗೆ ಲೋಹ ಜೋಡಿಸಿದರೆ ನಿಲ್ಲುತ್ತದೆಯೇ? ನಿಂತರೆ ಎಷ್ಟು ವರ್ಷ? ಪತ್ರದ ಕೊನೆಗೆ ಇನ್ನೊಂದು ಸಾಲು: "ಮನೆಯವರು ಪ್ರತಿ ಶನಿವಾರ ಎಳ್ಳೆಣ್ಣೆ ದೀಪ ಹಚ್ಚುತ್ತಿದ್ದಾರೆ, ಶನಿಯೂ ಕುಂಟನಲ್ಲವೇ?"

ದೀಪದ ವಿಚಾರ ಮೊದಲು ಮುಗಿಸುತ್ತೇನೆ. ಶನಿಗ್ರಹ ಸೂರ್ಯನನ್ನು ಒಂದು ಸುತ್ತು ಬರಲು ಸುಮಾರು ಇಪ್ಪತ್ತೊಂಬತ್ತೂವರೆ ವರ್ಷ ಬೇಕು. ಬರಿಗಣ್ಣಿಗೆ ಕಾಣುವ ಗ್ರಹಗಳಲ್ಲಿ ಅದರದೇ ಆಮೆನಡಿಗೆ. ಮೆಲ್ಲಗೆ ನಡೆಯುವವನು ಶನೈಶ್ಚರನಾದ, ಮೆಲ್ಲಗೆ ನಡೆಯುವವನಿಗೆ ಕಾಲು ಕುಂಟಿರಬೇಕೆಂದು ಪುರಾಣ ಕತೆ ಕಟ್ಟಿತು. ಕತೆ ಚೆನ್ನಾಗಿದೆ. ಆದರೆ ಆ ಎರಡು ವರ್ಷದಲ್ಲಿ ಎಣ್ಣೆ ದೀಪಕ್ಕೂ ಹೋಯಿತು, ಮಂಡಿಗೂ ಹೋಯಿತು. ಕಾಯಿಲೆ ಇದ್ದ ಜಾಗಕ್ಕೆ ಯಾರೂ ಹೋಗಲಿಲ್ಲ ಎಂಬುದೇ ನನ್ನ ಸಿಟ್ಟು.

ಇದರಲ್ಲಿ ನಮ್ಮ ಭಾಷೆಯದೂ ಸ್ವಲ್ಪ ತಪ್ಪಿದೆ. 'ಸೊಂಟದ ಕೀಲು' ಎಂದ ಕೂಡಲೇ ನಾವು ಬೆನ್ನಿನ ಕೆಳಗೆ ಕೈಯಿಟ್ಟು ತೋರಿಸುತ್ತೇವೆ. ನಿಜವಾದ ಕೀಲಿರುವುದು ತೊಡೆಸಂದಿಯ ಆಳದಲ್ಲಿ. ಅಲ್ಲಿನ ನೋವನ್ನು ಒಯ್ಯುವ ನರದ ಕೊಂಬೆಯೊಂದು ಮಂಡಿಗೂ ಹೋಗುವುದರಿಂದ, ಮೇಲೆ ಕೆಟ್ಟರೆ ಕೆಳಗೆ ನೋಯುತ್ತದೆ. ಮಂಡಿ ನೋಯುತ್ತಿದ್ದು ಮಂಡಿಯ ಎಕ್ಸ್‌ರೇ ಚೊಕ್ಕವಾಗಿ ಬಂದರೆ ಒಂದು ಗೇಣು ಮೇಲೆ ನೋಡಬೇಕು.

ತೊಡೆಮೂಳೆಯ ತಲೆ ನಿಂಬೆಹಣ್ಣಿಗಿಂತ ತುಸು ದಪ್ಪದ ಚೆಂಡು. ವಯಸ್ಕರಲ್ಲಿ ಅದಕ್ಕೆ ಹೆಚ್ಚಿನ ರಕ್ತವೆಲ್ಲ ಅದರ ಕೆಳಗಿನ ಮೂಳೆಯ ಕತ್ತಿನ ಮೇಲೆ ಹಾದುಹೋಗುವ ಕೆಲವೇ ಸಣ್ಣ ನಾಳಗಳಿಂದ ಬರಬೇಕು. ಒಂದೇ ಸೇತುವೆಯ ಊರು. ಕತ್ತು ಮುರಿದರೆ ಸೇತುವೆ ಹೋಯಿತು. ಮುರಿಯದೆಯೂ ಹೋಗಬಹುದು. ಹೆಚ್ಚು ಸ್ಟೀರಾಯ್ಡ್ ತೆಗೆದುಕೊಂಡವರಲ್ಲಿ, ಅತಿಯಾಗಿ ಕುಡಿಯುವವರಲ್ಲಿ, ಮೂಳೆಯೊಳಗಿನ ಕೊಬ್ಬಿನ ಕೋಶಗಳು ಉಬ್ಬಿ, ಹಿಗ್ಗಲಾರದ ಆ ಗಟ್ಟಿ ಡಬ್ಬಿಯಲ್ಲಿ ಒತ್ತಡ ಏರಿ ರಕ್ತಕ್ಕೆ ಜಾಗವಿಲ್ಲದಂತಾಗುತ್ತದೆ ಎಂಬುದು ಒಂದು ವಿವರಣೆ. ಕುಡುಗೋಲುಕಣ ಕಾಯಿಲೆಯಲ್ಲಿ ಬಾಗಿದ ಕೆಂಪು ರಕ್ತಕಣಗಳೇ ನಾಳಕ್ಕೆ ಅಡ್ಡ ಬೀಳುತ್ತವೆ. ಚಾಮರಾಜನಗರ, ಮೈಸೂರು ಕಡೆಯ ಸೋಲಿಗರು, ಜೇನುಕುರುಬರಲ್ಲಿ ಈ ರಕ್ತದೋಷ ಇರುವುದರಿಂದ ಅಲ್ಲಿನ ವೈದ್ಯರಿಗೆ ಇದು ಪುಸ್ತಕದ ಮಾತಲ್ಲ. ಸಾಗರ ತಾಲ್ಲೂಕಿನ ಹಂದಿಗೋಡು ಕಾಯಿಲೆಯನ್ನು ಇದರ ಜೊತೆ ಕಲಸಬೇಡಿ. ಅದೂ ಇದೇ ಕೀಲನ್ನು ಹಾಳುಮಾಡುತ್ತದೆ, ಆದರೆ ಅದು ವಂಶದಲ್ಲಿ ಹರಿದುಬರುವ ಬೇರೆಯೇ ತೊಂದರೆ.

ಸಮುದ್ರದಾಳದಿಂದ ಅವಸರದಲ್ಲಿ ಮೇಲೆ ಬರುವ ಮುಳುಗುಗಾರರಿಗೂ, ರಕ್ತದಲ್ಲಿ ಸಾರಜನಕದ ಗುಳ್ಳೆ ಸಿಕ್ಕಿಕೊಂಡು, ಮೂಳೆ ಸಾಯುತ್ತದೆ. 1987ರಲ್ಲಿ ರಾತ್ಸ್‌ಚೈಲ್ಡ್ ಮತ್ತು ಮಾರ್ಟಿನ್ ಎಂಬಿಬ್ಬರು ಡೈನೋಸಾರ್ ಕಾಲದ ಸಮುದ್ರ ಸರೀಸೃಪ ಮೋಸಸಾರ್‌ಗಳ ಬೆನ್ನೆಲುಬಿನ ಪಳೆಯುಳಿಕೆಗಳಲ್ಲಿ ಇದೇ ಸತ್ತ ಮೂಳೆಯ ಗುರುತನ್ನು ಕಂಡರು. ಆಳಕ್ಕೆ ಧುಮುಕುವ ಜಾತಿಗಳಲ್ಲಿ ಅದು ಇತ್ತು, ದಡದ ಹತ್ತಿರ ಈಜುತ್ತಿದ್ದ ಜಾತಿಯಲ್ಲಿ ಇರಲಿಲ್ಲ. ಆರೂವರೆ ಕೋಟಿ ವರ್ಷಕ್ಕೂ ಹಿಂದಿನ ಏವಿಎನ್! ಶನಿ ಆಗಲೂ ಸುತ್ತುತ್ತಿದ್ದ ಎನ್ನಬೇಡಿ.

ಈಗ ನನಗೆ ಬಹಳ ಇಷ್ಟವಾದ ಭಾಗ. 'ಸತ್ತ ಮೂಳೆ' ಎಂದರೆ ಗೆದ್ದಲು ತಿಂದ ಮರದ ಹಾಗೆ ಪುಡಿಯಾಗಿದೆ ಎಂದು ಎಲ್ಲರೂ ಭಾವಿಸುತ್ತಾರೆ. ಹಾಗಿಲ್ಲ. ಮೂಳೆಯ ಗಟ್ಟಿತನ ಇರುವುದು ಜೀವಕೋಶಗಳಲ್ಲಲ್ಲ, ಅವು ಕಟ್ಟಿಟ್ಟ ಖನಿಜ ಮತ್ತು ನಾರಿನ ಗೋಡೆಯಲ್ಲಿ. ಕೋಶಗಳು ಸತ್ತ ದಿನವೂ ಗೋಡೆ ಹಾಗೇ ನಿಂತಿರುತ್ತದೆ. ಎಕ್ಸ್‌ರೇಯಲ್ಲಿ ಏನೂ ಕಾಣುವುದಿಲ್ಲ, ನೋವೂ ಇಲ್ಲದಿರಬಹುದು. ಮೇಲಿನ ಮೃದ್ವಸ್ಥಿಗಂತೂ ಸುದ್ದಿಯೇ ಮುಟ್ಟಿರುವುದಿಲ್ಲ, ಏಕೆಂದರೆ ಅದು ಊಟ ಮಾಡುವುದು ಕೀಲಿನ ದ್ರವದಿಂದ, ರಕ್ತದಿಂದಲ್ಲ.

ಕುಸಿತ ಶುರುವಾಗುವುದು ರಿಪೇರಿ ಶುರುವಾದಾಗ. ಸತ್ತ ಪ್ರದೇಶದ ಅಂಚಿನಿಂದ ಹೊಸ ರಕ್ತನಾಳಗಳು ಒಳಕ್ಕೆ ತೆವಳುತ್ತವೆ. ಅವುಗಳ ಜೊತೆ ಎರಡು ತಂಡದ ಕೂಲಿಗಳು ಬರುತ್ತಾರೆ: ಹಳೆಯದನ್ನು ಕರಗಿಸಿ ಕೆಡವುವ ಆಸ್ಟಿಯೋಕ್ಲಾಸ್ಟ್ ಕೋಶಗಳು, ಹೊಸದನ್ನು ಕಟ್ಟುವ ಆಸ್ಟಿಯೋಬ್ಲಾಸ್ಟ್ ಕೋಶಗಳು. ಆರೋಗ್ಯವಂತ ಮೂಳೆಯಲ್ಲೂ ಈ ಜೋಡಿ ದಿನವೂ ಕೆಲಸ ಮಾಡುತ್ತದೆ. ಆದರೆ ವೇಗ ಬೇರೆ ಬೇರೆ. ಕೆಡವುವವರು ಎರಡು ಮೂರು ವಾರದಲ್ಲಿ ತೋಡಿದ ಗುಂಡಿಯನ್ನು ತುಂಬಲು ಕಟ್ಟುವವರಿಗೆ ಮೂರ್ನಾಲ್ಕು ತಿಂಗಳು ಬೇಕು. ಬೇರೆ ಕಡೆ ಈ ವ್ಯತ್ಯಾಸ ಸಾಗಿಹೋಗುತ್ತದೆ. ಇಲ್ಲಿ, ಒಂದೊಂದು ಹೆಜ್ಜೆಗೂ ಮೈತೂಕದ ಎರಡೂವರೆ ಮೂರು ಪಟ್ಟು ಭಾರ ಬೀಳುವ ಚೆಂಡಿನಲ್ಲಿ, ಸಾಗುವುದಿಲ್ಲ. ಮೃದ್ವಸ್ಥಿಯ ಅಡಿಯ ತೆಳು ತಟ್ಟೆ ಒಂದು ದಿನ ಬಿರುಕು ಬಿಡುತ್ತದೆ. ಎಕ್ಸ್‌ರೇಯಲ್ಲಿ ಅದು ಬಿದಿಗೆ ಚಂದ್ರನ ಗೆರೆಯಂತೆ ಕಾಣುತ್ತದೆ. ಆ ಚಂದ್ರದರ್ಶನವಾದ ಮೇಲೆ ಚೆಂಡು ದುಂಡಗೆ ಉಳಿಯುವುದು ಅಪರೂಪ.

ವೈದ್ಯಕೀಯ ಕಾಲೇಜೊಂದರ ಸಂಗ್ರಹಾಲಯದಲ್ಲಿ ಹೀಗೆ ತೆಗೆದ ಒಂದು ಚೆಂಡನ್ನು ಕೈಯಲ್ಲಿ ಹಿಡಿದಿದ್ದೇನೆ. ಮೇಲ್ಮೈ ದಂತದಂತೆ ನುಣುಪು. ಹೆಬ್ಬೆರಳಿಟ್ಟು ಒತ್ತಿದರೆ ಪಿಂಗ್‌ಪಾಂಗ್ ಚೆಂಡಿನ ಹಾಗೆ ಒಳಕ್ಕೆ ಹೋಗಿ ಮತ್ತೆ ಮೇಲೆ ಬಂತು. ನಮ್ಮೂರ ಹಳೆಯ ತೊಟ್ಟಿಮನೆ ನೆನಪಾಯಿತು. ಎಂಬತ್ತು ವರ್ಷ ನಿಂತಿದ್ದ ಮಣ್ಣಿನ ಗೋಡೆ ಬಿದ್ದದ್ದು ಮಳೆಗಲ್ಲ. ಗಾರೆಯವರು ಆನಿಕೆ ಕೊಡದೆ ಬುಡ ಬಿಡಿಸಿದ ಮಧ್ಯಾಹ್ನ ಬಿತ್ತು.

ಹಾಗಾದರೆ ಕೆಡವುವವರ ಕೈ ಕಟ್ಟಿಹಾಕಿದರೆ? ಆಸ್ಟಿಯೋಕ್ಲಾಸ್ಟ್‌ಗಳನ್ನು ತಡೆಯುವ ಅಲೆಂಡ್ರೊನೇಟ್ ಮಾತ್ರೆಯನ್ನು ಇದಕ್ಕೇ ಬಳಸಿ ನೋಡಿದವರಲ್ಲಿ ಮುಂಬೈನ ಡಾ. ಸಂಜಯ್ ಅಗರ್‌ವಾಲಾ ಮೊದಲಿಗರ ಸಾಲಿನವರು. ಕೆಲವು ಪ್ರಯೋಗಗಳಲ್ಲಿ ಕುಸಿತ ತಡವಾಯಿತು, ಮುಂದೆ ಬಂದ ಇನ್ನೊಂದು ಅಷ್ಟು ಉತ್ಸಾಹ ಉಳಿಸಲಿಲ್ಲ. ಇದೇ ಅಗರ್‌ವಾಲಾ ತಂಡ 2021ರಲ್ಲಿ ಕೋವಿಡ್‌ನಿಂದ ಚೇತರಿಸಿಕೊಂಡ ಮೂವರಲ್ಲಿ ಏವಿಎನ್ ವರದಿ ಮಾಡಿತು. ಕೋವಿಡ್ ಪತ್ತೆಯಾಗಿ ಸರಾಸರಿ 58 ದಿನಕ್ಕೇ ತೊಡೆನೋವು ಬಂದಿತ್ತು. ಅವರು ತೆಗೆದುಕೊಂಡಿದ್ದ ಸ್ಟೀರಾಯ್ಡ್ ಸರಾಸರಿ 758 ಮಿಲಿಗ್ರಾಂ, ಅಲ್ಲಿಯವರೆಗೆ ಅಪಾಯವೆಂದು ಎಣಿಸುತ್ತಿದ್ದ 2000 ಮಿಲಿಗ್ರಾಂಗಿಂತ ಎಷ್ಟೋ ಕಡಿಮೆ. ಇದನ್ನೋದಿ ವೈದ್ಯರು ಕೊಟ್ಟ ಸ್ಟೀರಾಯ್ಡನ್ನು ನೀವೇ ನಿಲ್ಲಿಸಬೇಡಿ, ಹಠಾತ್ತನೆ ಬಿಡುವುದು ಇನ್ನೂ ಅಪಾಯ. ನಿಲ್ಲಿಸಬೇಕಾದದ್ದು ಸಂತೆಯಲ್ಲಿ ಪೊಟ್ಟಣ ಕಟ್ಟಿ ಕೊಡುವ ನೋವಿನ ಪುಡಿ, ದಮ್ಮಿನ ಪುಡಿಗಳನ್ನು. 'ಗಿಡಮೂಲಿಕೆ'ಯೆಂದು ಮಾರುವ ಇಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಸಿಕ್ಕಿದೆ. ಎರಡೇ ದಿನದಲ್ಲಿ ಗುಣ ಕೊಡುವ ಬೇರನ್ನು ನಾನಂತೂ ಅನುಮಾನದಿಂದಲೇ ನೋಡುತ್ತೇನೆ.

ನಮ್ಮ ದೊಡ್ಡಪ್ಪನ ಕತೆ ಇದೇ. ಮಂಡ್ಯದ ಕಡೆಯವರು, ಉಬ್ಬಸಕ್ಕೆ ವರ್ಷಗಟ್ಟಲೆ ಅಂಥದೇ ಪುಡಿ ನೆಕ್ಕಿದರು. "ಅರ್ಧ ಸತ್ತೋಗಿದೆ ಅಂದ್ರಪ್ಪಾ ಡಾಕ್ಟ್ರು, ಯಾವರ್ಧ ಅಂತ ಕೇಳೋದೇ ಮರ್ತೆ" ಎಂದು ನಗುತ್ತಲೇ 1999ರಲ್ಲಿ ಬಲಗಾಲಿನ ಕೀಲು ಬದಲಿಸಿಕೊಂಡರು. ಆಗ ಅವರಿಗೆ 51. "ಅರವತ್ತು ದಾಟಲಿ, ಹತ್ತು ವರ್ಷಕ್ಕೆ ಸಡಿಲವಾಗುತ್ತೆ" ಎಂದು ಹೆದರಿಸಿದವರೇ ಹೆಚ್ಚು.

ಆ ಹೆದರಿಕೆಗೆ ಆಧಾರವಿಲ್ಲದಿರಲಿಲ್ಲ. ಈ ಕೀಲಿನ ಪಿತಾಮಹ ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯ ಜಾನ್ ಚಾರ್ನ್‌ಲಿ. ಮೊದಲು ಆತ ಚೆಂಡು ಕೂರುವ ಬಟ್ಟಲಿಗೆ ಆರಿಸಿದ್ದು ಟೆಫ್ಲಾನ್, ನಮ್ಮ ದೋಸೆ ತವಾದ ಮೇಲಿನ ಲೇಪ. ಎರಡು ಮೂರು ವರ್ಷದಲ್ಲೇ ಅದು ಸವೆದು, ಸುತ್ತಲಿನ ಅಂಗಾಂಶವೆಲ್ಲ ಗಡ್ಡೆಕಟ್ಟಿ, ನೂರಾರು ರೋಗಿಗಳಿಗೆ ತಾನೇ ಹಾಕಿದ್ದನ್ನು ತಾನೇ ಕೀಳಬೇಕಾಯಿತು. ಒಂದು ದಿನ ಲ್ಯಾಂಕಶೈರಿನ ಮಗ್ಗಗಳಿಗೆ ಪ್ಲಾಸ್ಟಿಕ್ ಬಿಡಿಭಾಗ ಮಾರುವವನೊಬ್ಬ ಕಾರ್ಯಾಗಾರಕ್ಕೆ ಬಂದು ಪಾಲಿಥೀನಿನ ತುಂಡು ಕೊಟ್ಟುಹೋದ. ಚಾರ್ನ್‌ಲಿ ಅದಕ್ಕೆ ಉಗುರು ಚುಚ್ಚಿ ನೋಡಿ ಬೇಡವೆಂದರು. ಸಹಾಯಕ ಹ್ಯಾರಿ ಕ್ರೇವನ್ ಮಾತು ಕೇಳದೆ ತುಂಡನ್ನು ಸವೆತದ ಯಂತ್ರಕ್ಕೆ ಕಟ್ಟಿದ. ಮೂರು ವಾರ ಉಜ್ಜಿದರೂ ಟೆಫ್ಲಾನ್ ಒಂದು ದಿನದಲ್ಲಿ ಸವೆಯುವಷ್ಟು ಸವೆದಿರಲಿಲ್ಲ. 1962ರ ನವೆಂಬರಿನಲ್ಲಿ ಅದು ಮೊದಲ ರೋಗಿಯ ಮೈ ಸೇರಿತು. ಎರಡು ಪ್ಲಾಸ್ಟಿಕ್‌ಗಳ ಪುಡಿಯ ವ್ಯತ್ಯಾಸ ಅರಿಯಲು ಚಾರ್ನ್‌ಲಿ ಎರಡನ್ನೂ ತನ್ನ ತೊಡೆಗೇ ಚುಚ್ಚಿಕೊಂಡರು. ತಿಂಗಳುಗಳ ನಂತರ ಟೆಫ್ಲಾನ್ ಚುಚ್ಚಿದ ಕಡೆ ಕೈಗೆ ಸಿಗುವ ಗಂಟು ಬೆಳೆದಿತ್ತು. ನಮ್ಮ ಪೊಟ್ಟಣದ ವೈದ್ಯರು ತಮ್ಮ ಪುಡಿಯನ್ನು ತಾವೂ ನೆಕ್ಕುತ್ತಾರೋ ಇಲ್ಲವೋ.

ಪಾಲಿಥೀನ್ ಗೆದ್ದಿತು, ಆದರೆ ಪೂರ್ತಿಯಾಗಿ ಅಲ್ಲ. ಹತ್ತು ಹದಿನೈದು ವರ್ಷವಾದ ಕೀಲುಗಳ ಸುತ್ತ ಮೂಳೆಯಲ್ಲಿ ತೂತು ಕಾಣತೊಡಗಿದವು. ಮೊದಲು ಕೀಲನ್ನು ಮೂಳೆಗೆ ಕೂರಿಸುವ ಸಿಮೆಂಟನ್ನು ಬೈದು 'ಸಿಮೆಂಟ್ ಕಾಯಿಲೆ' ಎಂದೇ ಹೆಸರಿಟ್ಟರು. ಸಿಮೆಂಟಿಲ್ಲದೆ ಕೂರಿಸಿದ ಕೀಲುಗಳಲ್ಲೂ ತೂತು ಬಿದ್ದಾಗ ನಾಲಿಗೆ ಕಚ್ಚಿಕೊಂಡರು. ಅಪರಾಧಿ ಧೂಳು: ಒಂದೊಂದು ಹೆಜ್ಜೆಗೂ ಬಟ್ಟಲಿನಿಂದ ಉದುರುವ, ಒಂದು ಮೈಕ್ರಾನಿಗಿಂತ ಸಣ್ಣ, ಲಕ್ಷಗಟ್ಟಲೆ ಕಣ. ಮೈಯ ಕಾವಲು ಕೋಶಗಳು ಅದನ್ನು ಬ್ಯಾಕ್ಟೀರಿಯವೆಂದೇ ನುಂಗುತ್ತವೆ, ಅರಗಿಸಲಾರದೆ ಕೂಗೆಬ್ಬಿಸುತ್ತವೆ. ಕೂಗಿಗೆ ಓಡಿ ಬರುವವರು ಯಾರು? ಅದೇ ಆಸ್ಟಿಯೋಕ್ಲಾಸ್ಟ್‌ಗಳು! ಹಳೆಯ ಚೆಂಡನ್ನು ಕೆಡವಿದ ತಂಡವೇ ಹೊಸ ಕೀಲಿನ ಬುಡಕ್ಕೂ ಹಾರೆ ಹಾಕುತ್ತದೆ.

ಏವಿಎನ್ ರೋಗಿಗಳಲ್ಲಿ ಹಳೆಯ ಫಲಿತಾಂಶ ಕೆಟ್ಟದಿದ್ದುದಕ್ಕೆ ಇದೊಂದು ದೊಡ್ಡ ಕಾರಣ. ಇವರು ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನವರಲ್ಲ, ಮೂವತ್ತು ನಲವತ್ತರ ದುಡಿಯುವ ಜನ. ಹೆಜ್ಜೆ ಹೆಚ್ಚು, ಧೂಳು ಹೆಚ್ಚು, ಮುಂದೆ ಬದುಕಬೇಕಾದ ವರ್ಷವೂ ಹೆಚ್ಚು. ದೋಷವನ್ನು ಮಾತ್ರ 'ಸತ್ತ ಮೂಳೆ'ಯ ತಲೆಗೆ ಕಟ್ಟಲಾಗಿತ್ತು. ಸತ್ತ ಚೆಂಡನ್ನಂತೂ ಶಸ್ತ್ರವೈದ್ಯರು ಕತ್ತರಿಸಿ ತೆಗೆದೇ ಬಿಡುತ್ತಾರೆ. ಲೋಹದ ಕಂಬ ನಿಲ್ಲುವುದು ಕೆಳಗಿನ ಮೂಳೆಯಲ್ಲಿ. 1990ರ ದಶಕದ ಕೊನೆಗೆ, ವಿಕಿರಣ ಹಾಯಿಸಿ ಅಣುಸರಪಳಿಗಳನ್ನು ಒಂದಕ್ಕೊಂದು ಹೆಣೆದ ಗಟ್ಟಿ ಪಾಲಿಥೀನ್ ಬಂತು. ಅದರ ಸವೆತ ಹಳೆಯದರ ಸಣ್ಣ ಪಾಲು. ಸಿರಾಮಿಕ್ ಚೆಂಡುಗಳೂ ಸುಧಾರಿಸಿದವು. 2011ರಲ್ಲಿ 67 ವರದಿಗಳ 3,277 ಏವಿಎನ್ ಕೀಲುಗಳನ್ನು ಒಟ್ಟುಹಾಕಿ ನೋಡಿದವರಿಗೆ, 1990ಕ್ಕೆ ಮೊದಲು ಹಾಕಿದವುಗಳಲ್ಲಿ ನೂರಕ್ಕೆ 17 ಮತ್ತೆ ಬದಲಾಗಿದ್ದರೆ ಆಮೇಲಿನವುಗಳಲ್ಲಿ 3 ಮಾತ್ರ ಎಂದು ಕಂಡಿತು. ಆ ಮೂರನ್ನು ಕಣ್ಣುಮುಚ್ಚಿ ನಂಬಬೇಡಿ, ಹೊಸ ಕೀಲುಗಳಿಗೆ ಆಗಿನ್ನೂ ವಯಸ್ಸಾಗಿರಲಿಲ್ಲ. ಕುಡುಗೋಲುಕಣ ಇರುವವರಲ್ಲಿ, ಮೂತ್ರಪಿಂಡ ಕಸಿಯಾದವರಲ್ಲಿ ಫಲಿತಾಂಶ ಇಷ್ಟು ಚೆನ್ನಾಗಿರಲಿಲ್ಲ. ನಾರ್ಡಿಕ್ ದೇಶಗಳ ದಾಖಲೆಯಲ್ಲೂ ಏವಿಎನ್‌ನವರಿಗೆ ಮರುಶಸ್ತ್ರಚಿಕಿತ್ಸೆಯ ಸಾಧ್ಯತೆ ಸಂಧಿವಾತದವರಿಗಿಂತ ತುಸು ಹೆಚ್ಚೇ ಇದೆ.

ಇನ್ನು ವರ್ಷದ ಲೆಕ್ಕ. 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆಯಂತೆ, ನೂರು ಕೃತಕ ಕೀಲುಗಳಲ್ಲಿ 15 ವರ್ಷಕ್ಕೆ 89, 25 ವರ್ಷಕ್ಕೆ 58 ಇನ್ನೂ ಅದೇ ಜಾಗದಲ್ಲಿದ್ದವು. ಅವನ್ನು ಹಾಕಿಸಿಕೊಂಡವರಲ್ಲಿ ಬಹುಪಾಲು ಸಂಧಿವಾತದ ಹಿರಿಯರು, ಆದರೆ ಕೀಲುಗಳೂ ಹಳೆಯ ಕಾಲದವು. ಹಾಸನದ ಓದುಗರಿಗೆ ನನ್ನ ಉತ್ತರ: ಇಪ್ಪತ್ತು ವರ್ಷವನ್ನು ಧೈರ್ಯವಾಗಿ ನಿರೀಕ್ಷಿಸಿ, ಬದುಕಿನಲ್ಲಿ ಇನ್ನೊಮ್ಮೆ ಬದಲಿಸಬೇಕಾದೀತೆಂದೂ ತಿಳಿದಿರಿ. ಇನ್ನೊಂದು ಕಾಲನ್ನೂ ಎಂಆರ್‌ಐ ಮಾಡಿಸಿರಿ, ಈ ಕಾಯಿಲೆ ಎಷ್ಟೋ ಸಲ ಜೋಡಿಯಾಗಿಯೇ ಬರುತ್ತದೆ. ಚಕ್ಕಳಮಕ್ಕಳ ಹಾಕಿ ಕೂರುವುದು, ಕುಕ್ಕರಗಾಲಲ್ಲಿ ಕೂರುವುದು, ಇವುಗಳ ಬಗ್ಗೆ ನಿಮ್ಮ ಶಸ್ತ್ರವೈದ್ಯರನ್ನೇ ಕೇಳಿ.

ದೊಡ್ಡಪ್ಪ ಪಂಕ್ತಿಯಲ್ಲಿ ನೆಲಕ್ಕೆ ಕೂರದಿದ್ದುದು ಬಿಟ್ಟರೆ ಯಾವ ಕಟ್ಟುಪಾಡನ್ನೂ ಪಾಲಿಸಲಿಲ್ಲ. ಗದ್ದೆಬದು ಸುತ್ತಿದರು, ಟಿವಿಎಸ್ ಓಡಿಸಿದರು. 2022ರಲ್ಲಿ ಹೃದಯ ನಿಂತು ಹೋದರು. ಕೀಲು ಹೋಗಿರಲಿಲ್ಲ. ಮೂರನೆಯ ದಿನ ಅಸ್ಥಿ ಆರಿಸಲು ಹೋದಾಗ ಬೂದಿಯಲ್ಲಿ ಅದು ಬಿದ್ದಿತ್ತು. ಪ್ಲಾಸ್ಟಿಕ್ ಬಟ್ಟಲು ಉರಿದುಹೋಗಿ, ಟೈಟಾನಿಯಂ ಕಂಬ ಕಪ್ಪಗೆ, ಆದರೆ ನೆಟ್ಟಗೆ. 1,600 ಡಿಗ್ರಿ ದಾಟದೆ ಕರಗದ ಲೋಹಕ್ಕೆ ಸೌದೆಯ ಬೆಂಕಿ ಏನು ಮಾಡೀತು? ಪಶ್ಚಿಮವಾಹಿನಿಗೆ ಬಿಡುವ ಮಡಕೆಗೆ ಅದನ್ನು ಹಾಕಬಹುದೇ ಎಂದು ತಮ್ಮ ಕೇಳಿದ. ಪುರೋಹಿತರು ಅತ್ತಿತ್ತ ತಿರುಗಿಸಿ, "ಇದು ಅಸ್ಥಿಯಲ್ಲವಲ್ಲ" ಎಂದರು. ನಾನು ಕೈಗೆ ತೆಗೆದುಕೊಂಡೆ. ಮೂಳೆ ಹಿಡಿದುಕೊಳ್ಳಲೆಂದೇ ಮರಳು ಕಾಗದದ ಹಾಗೆ ತರಿ ಮಾಡಿದ ಅದರ ಮೇಲ್ಭಾಗದ ಸಂದುಸಂದಿನಲ್ಲಿ, ಒರೆಸಿದರೂ ಹೋಗದೆ, ಸುಣ್ಣದಂತೆ ಬೆಳ್ಳಗೆ ಏನೋ ಕೂತಿತ್ತು.

"ಸ್ವಲ್ಪ ಇದೆ ಸ್ವಾಮಿ" ಎಂದೆ.